ದೇವರಾಜ ಅರಸರೂ ಉಳುವವನ ಹಕ್ಕೂ

ತಾನು ಹುಟ್ಟಿ ಬೆಳೆದ ವರ್ಗದ ಲಾಭವನ್ನು ನೋಡದೆ ಅಧಿಕಾರವನ್ನು ನಡಸಿದವರು ರಾಜಕೀಯದಲ್ಲಿ ವಿರಳ. ಅಮೆರಿಕಾ ದೇಶದ ಕ್ಲೀವ್‌ಲೆಂಡ್ ನಗರದಲ್ಲಿ 1901 ರಿಂದ 1909 ರ ವರೆಗೆ ಮೇಯರಾಗಿದ್ದ ಟಾಮ್ ಜಾನ್ಸನ್ ಅಂಥವರಲ್ಲೊಬ್ಬನು. ಟ್ರಾಂ ವ್ಯಾಪಾರದಿಂದ ಐಶ್ವರ್ಯವನ್ನು ಗಳಿಸಿದ ಆತನು, ಭೂಮಿಯ ಪ್ರಶ್ನೆಯನ್ನು ಕುರಿತು ಹೆನ್ರಿ ಜಾರ್ಜನು ಬರೆದ ಗ್ರಂಥಗಳನ್ನೋದಿ ಮನಸ್ಸು ತಿರುಗಿ, ಮೇಯರಾದ ಮೇಲೆ ಟ್ರಾಂ ಕಂಪೆನಿಗಳೊಡನೆಯೇ ಹೋರಾಡಿ, ಜನರು ಮೂರು ಸೆಂಟಿನ ದರದಲ್ಲಿ ಪ್ರಯಾಣ ಮಾಡುವಂತಾಗಬೇಕೆಂದು ಹಟ ಹಿಡಿದನು. ನಮ್ಮ ನಾಡಿನಲ್ಲಿ ಇಂಥ ಉದಾಹರಣೆಯನ್ನು ಹುಡುಕುವವರು ಹುಣಸೂರಿಗೆ ಹೋಗಬೇಕು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಜನಿಸಿದುದು 1915 ರ ಆಗಸ್ಟ್ 20 ರಂದು. ಅರಮನೆಯ ಬಂಧುವರ್ಗವೆನಿಸಿದ, ಸಂಖ್ಯೆಯಲ್ಲಿ ಅತ್ಯಲ್ಪವಾದ ಅರಸು ಜನಾಂಗ ಅವರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಪದವೀಧರರಾದ ಮೇಲೆ ಅವರು ಊರಿಗೆ ಹಿಂದಿರುಗಿ ಬೇಸಾಯಕ್ಕೆ ನಿಂತರು. 1941 ರಲ್ಲಿ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೂ, 1952 ರಲ್ಲಿ ಹುಣಸೂರಿನಿಂದ ಶಾಸನ ಸಭೆಗೂ ಆಯ್ಕೆಯಾದರು. 1972 ರ ಮಾರ್ಚಿಯಲ್ಲಿ ಮುಖ್ಯಮಂತ್ರಿಗಳಾದರು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದೂ ಅವರ ಕಾಲದಲ್ಲಿಯೇ, 1973 ರ ನವೆಂಬರ್ 1 ರಂದು.

ಅವರ ಕಾರ್ಯಗಳಲ್ಲಿ ಭೂಸುಧಾರಣೆಯ ತಿದ್ದುಪಡಿ ಮುಖ್ಯವಾದುದು. 1961 ರ ಕಾನೂನಿನಲ್ಲಿ ಸಡಿಲುಗಳು ಬಹಳವಿದ್ದುವು. 1974 ರ ಮಾರ್ಚಿ 1 ರಿಂದ, ಸೈನಿಕರ ಹಾಗೂ ನಾವಿಕರ ಜಮೀನುಗಳ ಹೊರತು, ಗೇಣಿಯ ಭೂಮಿಯೆಲ್ಲವೂ ಸರಕಾರಕ್ಕೆ ಸೇರಿದುದೆಂದಾಯಿತು. ಗೇಣಿದಾರನು 7ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ತನ್ನ ಹಕ್ಕನ್ನು ಕೇಳಬೇಕು. ತಾಲ್ಲೂಕಿನ ಭೂ ನ್ಯಾಯಮಂಡಳಿಯು ಅದನ್ನು ತೀರ್ಮಾನಿಸಬೇಕು. ಅಸಿಸ್ಟೆಂಟ್ ಕಮಿಷನರೊಡನೆ ಸರಕಾರದ ನೌಕರರಲ್ಲದ ಸದಸ್ಯರೂ ಮಂಡಳಿಯಲ್ಲಿ ಕುಳಿತರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಣವಿದ್ದವನು ಮಾತು ಬಲ್ಲವನನ್ನು ಕರೆತಂದು ಗೆಲ್ಲುವ ದಾರಿಯನ್ನು ಹೀಗೆ ಮುಚ್ಚಿದರೆಂದು ನಾವು ತಿಳಿಯಬಹುದು.

ಹಿಡುವಳಿಗೂ ಮಿತಿಯಾಯಿತು. ಕೃಷ್ಣರಾಜನಗರದ ನಾಲೆಯ ಬಯಲಿನ ಗದ್ದೆಯೂ ಹೆಗ್ಗಡದೇವನಕೋಟೆಯ ಮಳೆಯನ್ನೇ ನಂಬಿದ ಹೊಲವೂ ಎಕರೆಗೆ ಎಕರೆ ಸಮವಲ್ಲ. ಆದಕಾರಣ ಭೂಮಿಯನ್ನು ವರ್ಗಗಳಾಗಿ ವಿಂಗಡಿಸಿ, ಐದು ಜನರ ಕುಟುಂಬಕ್ಕೆ ಅತ್ಯುತ್ತಮ ನೀರಾವರಿಯಲ್ಲಿ 10 ಎಕರೆ, ಒಣಭೂಮಿಯಲ್ಲಿ 54 ಎಕರೆ ಎಂದು ನಿಗದಿ ಮಾಡಲಾಯಿತು.

ಇಲ್ಲೊಂದು ಸಂಗತಿಯನ್ನು ಗಮನಿಸತಕ್ಕದ್ದು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಸ್ವಂತ ಹೊಲವನ್ನು ಉಳುವ ರೈತರೇ ಹೆಚ್ಚು. ಗೇಣಿಯ ಪದ್ಧತಿ ಆಳವಾಗಿ ಬೇರೂರಿದ್ದುದು ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ. ಆದುದರಿಂದ ಕಲ್ಲಹಳ್ಳಿಯವರ ಕಾನೂನಿನ ಫಲವನ್ನು ಹೆಚ್ಚಾಗಿ ಉಂಡವರು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗಗಳ ಒಕ್ಕಲುಗಳು. ತನ್ನ ಕ್ಷೇತ್ರಕ್ಕೆ ಲಾಭವೇನೆಂದು ಮಾತ್ರ ನೋಡುವವರಿಂದ ಇದು ಆಗತಕ್ಕ ಕೆಲಸವಲ್ಲ. ಎಲ್. ಜಿ. ಹಾವನೂರರ ಅಧ್ಯಕ್ಷತೆಯ ಆಯೋಗವು 1975 ರಲ್ಲಿ ಕೊಟ್ಟ ವರದಿಯಿಂದ ಹಿಂದುಳಿದ ವರ್ಗಗಳಿಗೆ ತೆರೆದ ಬಾಗಿಲೂ ಇಂಥದೇ.

ಆದರೆ ಗುಣದೊಡನೆ ಕೊರತೆಯನ್ನೂ ಹೇಳಬೇಕು. ಬಾಯಿಮಾತಿನ ಗೇಣಿಗೆ ಕಾಗದವಿರಲಿಲ್ಲ. ಒಡೆಯನಿಗೆ ಅಂಜಿ ಅರ್ಜಿಯನ್ನೇ ಕೊಡದವರು ಹಕ್ಕನ್ನು ಕಳೆದುಕೊಂಡರು. ಕೂಲಿಯಾಳಿಗೆ ಗೇಣಿಯೇ ಇರಲಿಲ್ಲವಾಗಿ ಭೂಮಿಯೂ ಬರಲಿಲ್ಲ. ಉಳುವವನು ಎಂಬ ಮಾತಿನೊಳಗೆ ನೇಗಿಲು ಹಿಡಿದವರೆಲ್ಲರೂ ಸೇರಲಿಲ್ಲ.

ಅರಸರು 1979 ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾದರು. 1980 ರ ಜನವರಿಯಲ್ಲಿ ಅಧಿಕಾರವನ್ನು ಬಿಟ್ಟರು. 1982 ರ ಜೂನ್ 6 ರಂದು ತೀರಿಕೊಂಡರು. ಜಾನ್ಸನ್ನನೂ 1909 ರ ಚುನಾವಣೆಯಲ್ಲಿ ಸೋತು, 1911 ರಲ್ಲಿ ಮೃತನಾದನು. ಇಬ್ಬರ ಪದವಿಯೂ ಹೋಯಿತು, ಪ್ರಶ್ನೆ ಮಾತ್ರ ಹೋಗಲಿಲ್ಲ. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳದಂತೆ ಕರ್ನಾಟಕದಲ್ಲಿದ್ದ ಅಡ್ಡಿಗಳು 2020 ರ ತಿದ್ದುಪಡಿಯಿಂದ ತೊಲಗಿದುವು. ಭೂಮಿಯು ಹಣವುಳ್ಳವನದೋ, ದುಡಿಯುವವನದೋ ಎಂಬುದನ್ನು ಪಟ್ಟಣದಲ್ಲಿರುವ ನಾವೂ ಯೋಚಿಸಬೇಕಾಗಿದೆ. ಏಕೆಂದರೆ ಈಗ ಕೊಳ್ಳುವವರ ಸಾಲಿನಲ್ಲಿ ನಿಂತಿರತಕ್ಕವರು ನಾವೇ.