ಗೋಡೆಯ ಮೇಲಿನ ಸಾಲು ಅಜ್ಜಿಗೆ ತಲುಪುವುದು ಹೇಗೆ?

ರಾಯಚೂರು ಜಿಲ್ಲೆಯ ಯಾವ ಊರಿಗೆ ಹೋದರೂ ಗ್ರಾಮ ಪಂಚಾಯಿತಿ ಕಚೇರಿಯ ಹೊರಗೋಡೆ ಖಾಲಿ ಇರುವುದು ಅಪರೂಪ. ಉದ್ಯೋಗ ಖಾತ್ರಿಯ ವಿವರ, ಅದರ ಪಕ್ಕ ಶೌಚಾಲಯದ ಘೋಷಣೆ, ಮೇಲೊಂದು ಬಿಸಿಲಿಗೆ ಮಾಸಿದ ಫ್ಲೆಕ್ಸು. ಮಾನ್ವಿ, ದೇವದುರ್ಗದಂಥ ಪಟ್ಟಣಗಳಿಗೆ ಬಂದರೆ ಫ್ಲೆಕ್ಸುಗಳು ಇನ್ನೂ ದೊಡ್ಡವಾಗುತ್ತವೆ. ಎಷ್ಟೋ ಕಡೆ ಮಂತ್ರಿಗಳ ಮುಖ ದೊಡ್ಡದು, ಯೋಜನೆಯ ಹೆಸರು ಅದಕ್ಕಿಂತ ಚಿಕ್ಕದು. ಅರ್ಜಿಯನ್ನು ಯಾರಿಗೆ ಕೊಡಬೇಕು ಎಂಬ ಸಾಲನ್ನು ಹುಡುಕಿ ಓದಬೇಕು, ಇದ್ದರೆ.

ಆ ಫ್ಲೆಕ್ಸಿನ ನೆರಳಿನಲ್ಲೇ ಕಟ್ಟೆಯ ಮೇಲೆ ಕುಳಿತ ಅಜ್ಜ ಅಜ್ಜಿಯರಿಗೆ ಅದೆಲ್ಲ ಬರೀ ಬಣ್ಣ. 2011ರ ಜನಗಣತಿಯ ವೇಳೆಗೆ ಜಿಲ್ಲೆಯ ಸಾಕ್ಷರತೆ ಶೇ 60ನ್ನು ಮುಟ್ಟಿರಲಿಲ್ಲ. ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಓದು ಬರುತ್ತಿರಲಿಲ್ಲ. ಆಗ ನಡುವಯಸ್ಸಿನಲ್ಲಿದ್ದವರೇ ಇಂದಿನ ಮುದುಕರು. ಓದು ಬಾರದವರಿಗೆ ಸರ್ಕಾರ ಬರೆದು ಹೇಳುತ್ತಿದೆ ಎಂದಾಯಿತು. ಮನೆಯಲ್ಲಿ ಓದಬಲ್ಲವರೆಂದರೆ ಎಂಟನೆಯದೋ ಒಂಬತ್ತನೆಯದೋ ಕಲಿಯುವ ಮೊಮ್ಮಕ್ಕಳು. "ಏನ್ ಬರ್ದಾರ, ಓದಿ ಹೇಳು" ಎಂದು ಅಜ್ಜಿ ಕೇಳಿದರೆ, ಅವಳಿಗೆ ಉಪಯೋಗವಾಗುವಂಥದ್ದು ಆ ಗೋಡೆಯಲ್ಲಿ ಎಷ್ಟಿದೆ?

ಎರಡೂ ಬದಿಗೆ ಕೃಷ್ಣೆ, ತುಂಗಭದ್ರೆ ಹರಿಯುವ ಎಡೆದೊರೆ ನಾಡು ಇದು. ಹಾಗೆಂದು ನೀರಿನ ಚಿಂತೆ ಇಲ್ಲದ ನಾಡಲ್ಲ. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದ್ದರೂ ಕೊನೆಯ ಭಾಗದ ಹೊಲಗಳಿಗೆ ನೀರು ಮುಟ್ಟುವುದು ಮತ್ತೆ ಮತ್ತೆ ಏಳುವ ಜಗಳ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಸುಗ್ಗಿ ಮುಗಿದರೆ ಪ್ರಾಯದವರು ಗಂಟುಮೂಟೆ ಕಟ್ಟಿ ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು, ಮತ್ತು ಅವರ ಮಡಿಲಿಗೆ ಬಿಟ್ಟುಹೋದ ಶಾಲೆಯ ಮಕ್ಕಳು. ಮಗ ದುಡ್ಡು ಕಳಿಸುವ ತನಕ ಎಣ್ಣೆ, ಉಪ್ಪು, ನೋಟುಪುಸ್ತಕದ ಖರ್ಚು ಸಾಗುವುದು ಅಜ್ಜಿ ಹತ್ತಿ, ಮೆಣಸಿನಕಾಯಿ ಬಿಡಿಸಿ ತರುವ ಕೂಲಿಯಿಂದ.

ವಯಸ್ಸಾದವರಿಗೆ ಪಿಂಚಣಿ ಇದೆಯಲ್ಲ ಎನ್ನಬಹುದು. ಇದೆ. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ 2021ರಲ್ಲಿ ತಿಂಗಳಿಗೆ 1,000 ರೂಪಾಯಿಯಿಂದ 1,200ಕ್ಕೆ ಏರಿತು. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 80 ವರ್ಷದೊಳಗಿನವರಿಗೆ ಕೇಂದ್ರ ಕೊಡುವ ಪಾಲು 2007ರಲ್ಲಿ ಇದ್ದ 200 ರೂಪಾಯಿಯಲ್ಲೇ ನಿಂತಿದೆ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ. ಲೆಕ್ಕ ಕಲಿಯುವ ಮಕ್ಕಳು ಭಾಗಿಸಿ ನೋಡಬಹುದು: ತಿಂಗಳ ಸಂಧ್ಯಾ ಸುರಕ್ಷಾ ಎಂದರೆ ಮೂರೂಕಾಲು ದಿನದ ಕೂಲಿ, ಕೇಂದ್ರದ ಪಾಲು ಅರ್ಧ ದಿನದ್ದಕ್ಕಿಂತ ತುಸು ಹೆಚ್ಚು. ಎಪ್ಪತ್ತು ದಾಟಿದವರು ಸೊಂಟ ಹಿಡಿದುಕೊಂಡು ಹೊಲಕ್ಕೆ ಹೋಗುವುದೇಕೆ ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಅರ್ಧ ಕೆಲಸ, ಪೂರ್ತಿ ಕೂಲಿ

2006ರ ಫೆಬ್ರುವರಿ 2ರಂದು ಉದ್ಯೋಗ ಖಾತ್ರಿ ಕಾಯ್ದೆ ದೇಶದ 200 ಜಿಲ್ಲೆಗಳಲ್ಲಿ ಜಾರಿಗೆ ಬಂತು. ಕರ್ನಾಟಕಕ್ಕೆ ಮೊದಲ ಕಂತಿನಲ್ಲಿ ಸಿಕ್ಕ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ವರ್ಷಕ್ಕೆ ಕುಟುಂಬಕ್ಕೆ 100 ದಿನ ಕೆಲಸ; ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಕೇಳುವವರಿಗೆ 18 ತುಂಬಿರಬೇಕು ಅಷ್ಟೆ. ಮೇಲಿನ ವಯಸ್ಸಿಗೆ ಮಿತಿಯೇ ಇರಲಿಲ್ಲ. ಸರ್ಕಾರದ ಕೆಲಸ ಎಂದೊಡನೆ ನಿವೃತ್ತಿಯ ವಯಸ್ಸನ್ನು ನೆನೆಯುವ ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಮಗ ಸೊಸೆ ಗುಳೆ ಹೋದ ಮನೆಯ ನೂರು ದಿನಗಳನ್ನು ಊರಲ್ಲಿ ಉಳಿದ ಅಜ್ಜಿಯೊಬ್ಬಳೇ ದುಡಿಯಬಹುದಿತ್ತು.

ಅದಕ್ಕೂ ಮುಖ್ಯವಾದದ್ದು ಇನ್ನೊಂದು. 60 ದಾಟಿದವರಿಗೆ ಕೆಲಸದ ಪ್ರಮಾಣದಲ್ಲಿ ಶೇ 50ರಷ್ಟು ರಿಯಾಯಿತಿಯನ್ನು ರಾಜ್ಯದಲ್ಲಿ ಕೊಡಲಾಗಿತ್ತು. ಗರ್ಭಿಣಿಯರು, ಬಾಣಂತಿಯರು, ಅಂಗವಿಕಲರಿಗೂ ಈ ರಿಯಾಯಿತಿ ಉಂಟು. ಉಳಿದವರು ಅಗೆಯಬೇಕಾದ ಮಣ್ಣಿನ ಅರ್ಧ ಅಗೆದರೂ ಪೂರ್ತಿ ಕೂಲಿ. ಖಾತ್ರಿ ಕೆಲಸದ ನಡೆ ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತಿದ್ದಕ್ಕೆ ಕೂಲಿ ಬೀಳುವುದಿಲ್ಲ. ಎಂಜಿನಿಯರು ಬಂದು ಗುಂಡಿ ಅಳೆಯುತ್ತಾರೆ. ಗುಂಪಿನಲ್ಲಿ ಒಬ್ಬರು ನಿಧಾನವಾದರೆ ಅಳತೆ ಕಡಿಮೆಯಾಗಿ ಎಲ್ಲರ ಕೂಲಿ ತಗ್ಗುತ್ತದೆ. ಹಾಗಾಗಿ ಮುದುಕಿಯನ್ನು ಗುಂಪಿಗೆ ಸೇರಿಸಿಕೊಳ್ಳಲು ನೆರೆಮನೆಯವರೇ ಹಿಂದೆಗೆಯುತ್ತಾರೆ. "ನಿನ್ನಿಂದ ಆಗಲ್ಲ ಬಿಡಬೇ" ಎಂಬ ಮಾತಿನಲ್ಲಿ ಕನಿಕರವೂ ಇರುತ್ತದೆ, ತಮ್ಮ ಕೂಲಿಯ ಲೆಕ್ಕವೂ ಇರುತ್ತದೆ. ಆಕೆಯ ಪಾಲಿನ ಅಳತೆ ಅರ್ಧ ಎಂಬುದು ಗುಂಪಿನವರಿಗೆ, ಕಾಯಕ ಬಂಧುವಿಗೆ, ಆಕೆಗೆ ಗೊತ್ತಿದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ಒಬ್ಬರಿಗೆ ಗೊತ್ತಿಲ್ಲದಿದ್ದರೂ ಆ ಆದೇಶ ಕಾಗದದಲ್ಲೇ ಉಳಿಯುತ್ತದೆ.

ಇಂಥ ಕಡೆ ಪ್ರಚಾರವೆಂಬುದು ಯೋಜನೆಯ ಅಲಂಕಾರವಲ್ಲ, ಅದರ ಅರ್ಧ ಭಾಗ. ಕೆಲಸ ಬೇಕೆಂದು ಪಂಚಾಯಿತಿ ಬಾಗಿಲಲ್ಲಿ ನಿಂತು ಬಾಯಲ್ಲಿ ಕೇಳಿದರೆ ಅದಕ್ಕೆ ಸಾಕ್ಷಿ ಇಲ್ಲ. ನಮೂನೆ 6ರಲ್ಲಿ ಬರೆದುಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆದರೆ 15 ದಿನದ ಎಣಿಕೆ ಶುರುವಾಗುತ್ತದೆ. ಆಮೇಲೂ ಕೆಲಸ ಸಿಗದಿದ್ದರೆ ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗ, ಮುಂದಕ್ಕೆ ಅರ್ಧಕ್ಕೆ ಕಡಿಮೆಯಿಲ್ಲದಂತೆ ಭತ್ಯೆ ಕೊಡಬೇಕೆಂದು ಕಾಯ್ದೆ ಹೇಳಿತ್ತು. ಆ ಚೀಟಿಯ ಮಹತ್ವವನ್ನು ಜಿಲ್ಲೆಯ ಕೂಲಿಕಾರರಿಗೆ ಮನಗಾಣಿಸಿದವರಲ್ಲಿ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯಂಥವರ ಪಾಲು ದೊಡ್ಡದು. ಮಾನ್ವಿ ತಾಲ್ಲೂಕಿನ ಪೋತ್ನಾಳದ ಜಾಗೃತ ಮಹಿಳಾ ಸಂಘಟನೆಯ ದಲಿತ ಹೆಂಗಸರೂ ಈ ದಾರಿಯಲ್ಲಿ ನಡೆದವರೇ. ಇವರ ಪ್ರಚಾರಕ್ಕೆ ಬೇಕಾದದ್ದು ಫ್ಲೆಕ್ಸಲ್ಲ, ಓಣಿಯಲ್ಲಿ ಕೂತು ಮಾತಾಡುವ ವ್ಯವಧಾನ.

ಹೊಗಳಿಕೆಗೆಷ್ಟು, ತಿಳಿವಳಿಕೆಗೆಷ್ಟು?

ಸರ್ಕಾರ ಪ್ರಚಾರಕ್ಕೆ ಖರ್ಚು ಮಾಡಲೇಬಾರದೆಂದು ವಾದಿಸುವವರಿದ್ದಾರೆ. ಅದು ಅವಸರದ ಮಾತು. ಖಾತ್ರಿ ಯೋಜನೆಯಲ್ಲಿ ಆಡಳಿತ ವೆಚ್ಚಕ್ಕೆ ಶೇ 6ರ ಮಿತಿ ಇತ್ತು. ಸಿಬ್ಬಂದಿಯ ಸಂಬಳ, ಪ್ರಚಾರ ಎಲ್ಲವೂ ಅದರೊಳಗೇ ಮುಗಿಯಬೇಕು. ತಾಲ್ಲೂಕಿನಲ್ಲಿ ಪ್ರಚಾರಕ್ಕೆಂದೇ ನೇಮಕವಾದ ಐಇಸಿ ಸಂಯೋಜಕರು ಕೆಲಸದ ಸ್ಥಳಕ್ಕೇ ಹೋಗಿ, ಗುದ್ದಲಿ ಕೆಳಗಿಟ್ಟ ಹೊತ್ತಿನಲ್ಲಿ ಕೂಲಿ ಎಷ್ಟು, ರಿಯಾಯಿತಿ ಯಾರಿಗೆ ಎಂದು ಹೇಳುವುದುಂಟು. 2021ರ ಬೇಸಿಗೆಯಲ್ಲಿ ರಾಜ್ಯ ನಡೆಸಿದ 'ದುಡಿಯೋಣ ಬಾ' ಅಭಿಯಾನದ ಹೆಸರಾದರೂ ಜನರ ಬಾಯಿಗೆ ಹತ್ತುವಂತಿತ್ತು. ಇದು ಕಡಿಮೆ ಖರ್ಚಿನ, ಹೆಚ್ಚು ಫಲದ ಪ್ರಚಾರ.

ಇನ್ನೊಂದು ಬಗೆಯದೂ ಇದೆ. 'ಬೇಟಿ ಬಚಾವೋ ಬೇಟಿ ಪಢಾವೋ' ಯೋಜನೆಗೆ 2016ರಿಂದ 2019ರವರೆಗೆ ಬಿಡುಗಡೆಯಾದದ್ದು ದೇಶಕ್ಕೆಲ್ಲ ಸೇರಿ 446.72 ಕೋಟಿ ರೂಪಾಯಿ. ಅದರಲ್ಲಿ ಶೇ 78.91ರಷ್ಟು ಮಾಧ್ಯಮ ಪ್ರಚಾರಕ್ಕೇ ಹೋಯಿತೆಂದು ಮಹಿಳಾ ಸಬಲೀಕರಣದ ಸಂಸದೀಯ ಸಮಿತಿ 2021ರ ಡಿಸೆಂಬರ್‌ನಲ್ಲಿ ವರದಿ ಮಾಡಿತು. ಹುಡುಗಿಯರ ಓದು, ಆರೋಗ್ಯಕ್ಕೆ ಉಳಿದದ್ದು ರೂಪಾಯಿಗೆ ನಾಲ್ಕಾಣೆಗೂ ಕಡಿಮೆ. ಜಾಹೀರಾತಿನಲ್ಲಿ ಯಾರ ಚಿತ್ರ ಇರಬೇಕೆಂಬುದೂ ನ್ಯಾಯಾಲಯದ ಮೆಟ್ಟಿಲೇರಿದ ವಿಷಯವೇ. ಪ್ರೊ. ಮಾಧವ ಮೆನನ್ ಸಮಿತಿಯ ಶಿಫಾರಸುಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2015ರ ಮೇ 13ರಂದು ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಚಿತ್ರ ಸರ್ಕಾರಿ ಜಾಹೀರಾತಿನಲ್ಲಿ ಕೂಡದೆಂದಿತು. ರಾಜ್ಯಗಳು ಮೇಲೆಬಿದ್ದು ಕೇಳಿದ ಮೇಲೆ 2016ರ ಮಾರ್ಚ್‌ನಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿ, ಮಂತ್ರಿಗಳಿಗೂ ಅವಕಾಶ ಸಿಕ್ಕಿತು. ಪಕ್ಷ ಯಾವುದಾದರೂ ಈ ವಿಷಯದಲ್ಲಿ ಒಗ್ಗಟ್ಟು ಇದ್ದೇ ಇರುತ್ತದೆ.

ರಾಯಚೂರು ನಗರದ ಕಥೆ ಬೇರೆ. ಎಪಿಎಂಸಿ ಪ್ರಾಂಗಣದಲ್ಲಿ ಹತ್ತಿ, ಭತ್ತದ ಚೀಲ ಹೊರುವ ಹಮಾಲರು, ಅಕ್ಕಿ ಗಿರಣಿಗಳಲ್ಲಿ ದುಡಿಯುವವರು ವಯಸ್ಸಾದರೆ ಎಲ್ಲಿಗೆ ಹೋಗಬೇಕು? ಖಾತ್ರಿ ಕೆಲಸ ಹಳ್ಳಿಯದು, ನಗರದ ಗಡಿಯಲ್ಲೇ ನಿಲ್ಲುತ್ತದೆ. ಅಸಂಘಟಿತ ಕಾರ್ಮಿಕರಿಗೆಂದು 2021ರ ಆಗಸ್ಟ್‌ನಲ್ಲಿ ಬಂದ ಇ-ಶ್ರಮ್ ನೋಂದಣಿ 16ರಿಂದ 59 ವರ್ಷದವರಿಗೆ. 60ರ ನಂತರ ಪಿಂಚಣಿ ಕೊಡುವ ಶ್ರಮಯೋಗಿ ಮಾನ್‌ಧನ್‌ಗೆ ಸೇರಲು 40 ದಾಟಿರಬಾರದು. ಕಾರ್ಮಿಕರೇ ಬನ್ನಿ ಎಂದು ಕರೆಯುವ ಜಾಹೀರಾತನ್ನು ನೋಡಿ ಆಧಾರ್ ಚೀಟಿ ಹಿಡಿದು ಹೋದ ಅರವತ್ತೆರಡರ ಹಮಾಲ ಮರಳಿ ಬರಬೇಕಾಗುವುದು ಇದರಿಂದಲೇ. ವಯಸ್ಸಿನ ಮಿತಿ ಫ್ಲೆಕ್ಸಿನ ಮೇಲ್ಸಾಲಿನಲ್ಲಿದ್ದಿದ್ದರೆ ಒಂದು ದಿನದ ದುಡಿಮೆ ಉಳಿಯುತ್ತಿತ್ತು.

ಈಗ ಗೋಡೆಗಳಿಗೆ ಮತ್ತೆ ಬಣ್ಣ ಬಳಿಯುವ ಕಾಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಬದಲಿಗೆ 'ವಿಬಿ-ಜಿ ರಾಮ್ ಜಿ' ಎಂಬ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ದಿನಗಳು 100ರಿಂದ 125ಕ್ಕೆ ಏರಿದವು. ಆಡಳಿತ ವೆಚ್ಚದ ಮಿತಿಯೂ ಶೇ 6ರಿಂದ 9ಕ್ಕೆ ಏರಿತು. ಈ ಹೆಚ್ಚುವರಿ ಮೂರರಲ್ಲಿ ಎಷ್ಟು ಫ್ಲೆಕ್ಸಿಗೆ, ಎಷ್ಟು ಓಣಿಯ ಮಾತಿಗೆ ಹೋಗುತ್ತದೆ ಎಂಬುದನ್ನು ಗ್ರಾಮಸಭೆಗಳಲ್ಲಿ ಕೇಳಬೇಕಾದ್ದೇ. ಬಿತ್ತನೆ, ಕೊಯ್ಲಿನ ಹೊತ್ತಿನಲ್ಲಿ ವರ್ಷಕ್ಕೆ ಒಟ್ಟು 60 ದಿನ ಕೆಲಸ ನಿಲ್ಲಿಸುವ ಏರ್ಪಾಡೂ ಹೊಸ ಕಾಯ್ದೆಯಲ್ಲಿದೆ. ರೈತರಿಗೆ ಆಳು ಸಿಗಲಿ ಎಂಬುದು ಉದ್ದೇಶ. ಆದರೆ ಹತ್ತಿ ಬಿಡಿಸಲು ಅಜ್ಜಿಯನ್ನು ಕರೆಯುವ ರೈತ ಭತ್ತದ ನಾಟಿಗೆ ಕರೆಯಲಾರ. ದೇವದುರ್ಗದ ಹತ್ತಿಗೂ ಮಾನ್ವಿಯ ಭತ್ತಕ್ಕೂ ಆಳು ಬೇಕಾಗುವ ದಿನಗಳು ಒಂದೇ ಅಲ್ಲ. ಯಾವ ಅರವತ್ತು ದಿನ ಎಂಬುದನ್ನು ರಾಜ್ಯ ಸರ್ಕಾರ ಮುಂಚಿತವಾಗಿ ಪ್ರಕಟಿಸಬೇಕು. ಆ ತಾರೀಖುಗಳನ್ನೂ, ಅರವತ್ತು ದಾಟಿದವರ ರಿಯಾಯಿತಿ ಮುಂದುವರಿದಿದೆಯೇ ಎಂಬುದನ್ನೂ ಪಂಚಾಯಿತಿಯಲ್ಲಿ ಕೇಳಿ ಬಂದು ಮನೆಯಲ್ಲಿ ಹೇಳುವ ಕೆಲಸ ಹೈಸ್ಕೂಲಿನ ಮಕ್ಕಳ ಕೈಯಲ್ಲೇ ಆಗುವಂಥದ್ದು.