ಹಾಡಿನಲ್ಲಿ ಯಾರ ಪಾಲು ಎಷ್ಟು?

ನಾಲ್ಕು ಜನ ಕೂತು ಒಂದು ಹಾಡು ಕಟ್ಟುತ್ತಾರೆ ಅಂತಿಟ್ಟುಕೊಳ್ಳಿ. ಒಬ್ಬರು ಸೊಲ್ಲು ಎತ್ತುತ್ತಾರೆ, ಇನ್ನೊಬ್ಬರು ಧಾಟಿ ಹಿಡಿಯುತ್ತಾರೆ, ಮತ್ತೊಬ್ಬರು ತಮಟೆಯಲ್ಲಿ ಅದರ ನಡಿಗೆಯನ್ನೇ ಬದಲಾಯಿಸಿಬಿಡುತ್ತಾರೆ. ಹಾಡು ರೆಕಾರ್ಡ್ ಆಗಿ ಹೊರಬರುವಾಗ ಮಾತ್ರ 'ಸಾಹಿತ್ಯ', 'ಸಂಗೀತ' ಅಂತ ಎರಡೇ ಖಾನೆ. ತಮಟೆಗೆ ಖಾನೆಯಿಲ್ಲ. ಇದನ್ನು ಮರೆವು ಎಂದು ಕರೆಯಲಾಗದು. ಕರ್ತೃ ಯಾರೆಂದು ಅಳೆಯುವ ಕೋಲನ್ನೇ ಬರಹ ಬಲ್ಲವರು ಮಾಡಿಕೊಂಡಿದ್ದಾರೆ.

1957ರ ಕೃತಿಸ್ವಾಮ್ಯ ಕಾಯಿದೆಯನ್ನೇ ನೋಡಿ. ಸಂಗೀತ ಕೃತಿ ಅಂದರೆ ಅಚ್ಚಾಗಿರಬೇಕು, ಬರೆದಿಟ್ಟಿರಬೇಕು, ಇಲ್ಲವೇ ಹೇಗಾದರೂ ಕಣ್ಣಿಗೆ ಕಾಣುವ ಗುರುತಿಗೆ ಇಳಿದಿರಬೇಕು ಎಂದಿತ್ತು. ಆ ವ್ಯಾಖ್ಯೆಯಲ್ಲಿ ಸ್ವರಸರಣಿಯ ಹೆಸರಿತ್ತು, ಸ್ವರಮೇಳದ ಹೆಸರಿತ್ತು, ತಾಳದ ಹೆಸರು ಇರಲಿಲ್ಲ. ಈ ಬರಹದ ಷರತ್ತು ಹೋದದ್ದು 1994ರ ತಿದ್ದುಪಡಿಯಿಂದ, ಅದು 1995ರ ಮೇ ತಿಂಗಳಲ್ಲಿ ಜಾರಿಯಾದ ಮೇಲೆ. ಅಕ್ಷರದಿಂದ ದೂರ ಇಟ್ಟಿದ್ದ ಜನರನ್ನು ಕಾನೂನು 37 ವರ್ಷ ಸ್ವರದಿಂದಲೂ ದೂರ ಇಟ್ಟಿತ್ತು ಅಂದಹಾಗಾಯಿತು.

ಈಗಿನ ನಿಯಮ ಹೀಗಿದೆ. ಪದ ಬರೆದವರು ಪದಕ್ಕೆ ಕರ್ತೃ, ಧಾಟಿ ಕಟ್ಟಿದವರು ಸಂಗೀತಕ್ಕೆ ಕರ್ತೃ. ಒಬ್ಬರ ಕೆಲಸ ಇನ್ನೊಬ್ಬರದರಿಂದ ಬೇರ್ಪಡಿಸಲಾಗದಂತೆ ಬೆರೆತಿದ್ದರೆ ಅದು ಜಂಟಿ ಕೃತಿ. ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಅಂತ ಬೇರೆ ಒಂದಿದೆ. ಅದು ಕರ್ತೃತ್ವ ಅಲ್ಲ. 2012ರ ತಿದ್ದುಪಡಿಯ ನಂತರ ಸಾಹಿತ್ಯ, ಸಂಗೀತದ ಕರ್ತೃಗಳು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಅದು ಊರ್ಜಿತವಲ್ಲ. ಆದ್ದರಿಂದ ಹೆಸರು ಬರೀ ಗೌರವದ ಮಾತಾಗಿ ಉಳಿದಿಲ್ಲ, ಅನ್ನದ ಮಾತಾಗಿದೆ.

ಈ ಖಾನೆಗಳು ಎಲ್ಲಿ ಬಿರುಕು ಬಿಡುತ್ತವೆ ಎಂಬುದಕ್ಕೆ ಪಕ್ಕದ ತಮಿಳುನಾಡಿನ 'ಎಂಜಾಯ್ ಎಂಜಾಮಿ' ಸಾಕ್ಷಿ. ಅದು 2021ರ ಮಾರ್ಚ್‌ನಲ್ಲಿ ಬಂತು. ಸಿಲೋನಿನ ಟೀ ತೋಟದಲ್ಲಿ ದುಡಿದು ಬಂದ, ತುಂಡು ನೆಲವಿಲ್ಲದ ತನ್ನ ಅಜ್ಜಿಯ ಕತೆಯನ್ನು ದಲಿತ ಕವಿ, ಗಾಯಕ ಅರಿವು ಒಪ್ಪಾರಿಯ, ಅಂದರೆ ಸಾವಿನ ಮನೆಯ ಅಳುಹಾಡಿನ, ಜಾಡಿನಲ್ಲಿ ಹಾಡಿದರು. ಹೊರಬಂದಾಗ ಹಾಡು ಗಾಯಕಿ ಧೀ ಅವರದು, 'ಫೀಚರಿಂಗ್' ಅರಿವು, ನಿರ್ಮಾಣ ಸಂತೋಷ್ ನಾರಾಯಣನ್. ತನ್ನ ಅಜ್ಜಿಯ ಕತೆಯೊಳಗೆ ತಾನೇ ನೆಂಟ! ಅದೇ ವರ್ಷ ಆಗಸ್ಟ್‌ನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ' ಮುಖಪುಟದಲ್ಲಿ ಅರಿವು ಇರಲಿಲ್ಲ, ನಿರ್ದೇಶಕ ಪಾ. ರಂಜಿತ್ ಪ್ರತಿಭಟಿಸಿದರು. 2022ರ ಜುಲೈನಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ವೇದಿಕೆಯಲ್ಲೂ ಅರಿವು ಇಲ್ಲದೆಯೇ ಹಾಡು ನಡೆಯಿತು. ಆಗ ಅರಿವು, ಹಾಡು ಕಟ್ಟಿದ್ದೂ ಬರೆದದ್ದೂ ನಾನೇ, ಯಾರೂ ನನಗೆ ಧಾಟಿ ಕೊಡಲಿಲ್ಲ, ಒಂದು ಪದವನ್ನೂ ಕೊಡಲಿಲ್ಲ ಎಂದು ಬಹಿರಂಗವಾಗಿ ಬರೆದರು. ಇದು ಮೂವರೂ ಸೇರಿ ಕಟ್ಟಿದ್ದು, ಆದಾಯದ ಹಕ್ಕೂ ಮೂವರಿಗೆ ಸಮ ಎಂದು ಸಂತೋಷ್ ಉತ್ತರಿಸಿದರು.

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಲೇಬೇಕು ಅಂತೇನಿಲ್ಲ. 'ಕಟ್ಟುವುದು' ಎಂಬ ಮಾತೇ ಇಬ್ಬರಿಗೂ ಒಂದೇ ಅಲ್ಲ. ಸ್ಟುಡಿಯೋದಲ್ಲಿ ಕಟ್ಟುವುದೆಂದರೆ ವಾದ್ಯ ಜೋಡಿಸುವುದು, ಬೀಟ್ ಕೂರಿಸುವುದು, ಕೊರಳುಗಳನ್ನು ಹೆಣೆಯುವುದು. ಅದೂ ನಿಜವಾದ ಕೆಲಸವೇ. ಒಪ್ಪಾರಿಯಲ್ಲಿ ಪದ ಮೊದಲು, ಧಾಟಿ ಆಮೇಲೆ ಅಂತಿಲ್ಲ. ಅಳು ಬಾಯಿಂದ ಹೊರಡುವಾಗಲೇ ಧಾಟಿ ಹೊತ್ತು ಬರುತ್ತದೆ. ಅಂಥದ್ದನ್ನು ತಂದವನನ್ನು 'ಸಾಹಿತ್ಯ' ಖಾನೆಗೆ ತಳ್ಳಿದರೆ ಅವನ ಅರ್ಧ ಹಾಡು ಬೇರೆಯವರ ಲೆಕ್ಕಕ್ಕೆ ಹೋಗುತ್ತದೆ. ಇನ್ನು, ಆ ಅಳುವನ್ನು ತಲೆಮಾರುಗಳಿಂದ ಕಾಪಿಟ್ಟ ಹೆಂಗಸರಿಗೆ ಯಾವ ಖಾನೆ? ಕಾಯಿದೆಯಲ್ಲಂತೂ ಇಲ್ಲ. ಅತ್ತ 2024ರಲ್ಲಿ, ಈ ಹಾಡಿನಿಂದ ಮೂವರಿಗೂ ಒಂದು ಕಾಸೂ ಸಿಕ್ಕಿಲ್ಲ ಎಂದು ಸಂತೋಷ್ ಅವರೇ ಹೇಳಿದರು. ಸಹಕಲಾವಿದರು ಹೆಸರಿಗೆ ಜಗಳವಾಡುತ್ತಿದ್ದಾಗ ಗಂಟು ಇನ್ನೆಲ್ಲೋ ಇತ್ತು.

ನಮ್ಮಲ್ಲೂ ಈ ಲೆಕ್ಕ ನೆಟ್ಟಗಿಲ್ಲ. ಸಿದ್ಧಲಿಂಗಯ್ಯನವರ ಹಾಡುಗಳು ಕೇರಿಕೇರಿಗೆ ಹೋದದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಹೋರಾಟಗಾರರ ಕೊರಳಿನಿಂದ, ಹಲಗೆಯ ಪೆಟ್ಟಿನಿಂದ. ಹೋರಾಟದ ಹಾಡಿನ ಪುಸ್ತಕ ತೆಗೆದರೆ ಕವಿಯ ಹೆಸರಿರುತ್ತದೆ. ಧಾಟಿ ಹಾಕಿದವರದು ಸಾಮಾನ್ಯವಾಗಿ ಇರೋದಿಲ್ಲ, ಹಲಗೆಯವರದು ಇರೋದೇ ಇಲ್ಲ.

ಜಂಟಿ ಕೃತಿಯಲ್ಲಿ ಯಾರಿಗೆ ಎಷ್ಟು ಎಂಬ ಪ್ರಮಾಣವನ್ನು ಕಾಯಿದೆ ಹೇಳುವುದಿಲ್ಲ, ಸೇರಿದವರೇ ಬರೆದುಕೊಳ್ಳಬೇಕು. ಹಲಗೆಯವರಿಗೆ ಪಾಲು ಬರೆಯಬೇಡಿ ಎಂದೂ ಅದು ಎಲ್ಲೂ ಹೇಳಿಲ್ಲ. ತಂಡಗಳು ರೆಕಾರ್ಡಿಂಗಿಗೆ ಹೋಗುವ ಮುಂಚೆ, ಸೊಲ್ಲು ಯಾರದು, ಧಾಟಿ ಯಾರದು, ಪೆಟ್ಟು ಯಾರದು ಅಂತ ಒಂದು ಹಾಳೆಯಲ್ಲಿ ಬರೆದು, ಸಹಿ ಬಾರದವರ ಹೆಬ್ಬೆಟ್ಟನ್ನೂ ಒತ್ತಿಸಿ, ಎಲ್ಲರೂ ಒಂದೊಂದು ಪ್ರತಿ ಇಟ್ಟುಕೊಳ್ಳಲಿ.