ಶೆಲ್ಲಿನ ಸ್ವಂತ ಆಜ್ಞೆಗಳು ಸ್ಕ್ರಿಪ್ಟಿಗೂ ಸಿಗಬೇಕಾದರೆ

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಈಗ ಲಿನಕ್ಸ್ ಕಂಪ್ಯೂಟರಿನಲ್ಲಿಯೇ ಪಾಠ ಕಲಿಯುತ್ತಾರೆ. ಹಾಗಾಗಿ ಶೆಲ್ ಎಂಬ ಮಾತು ಹಲವರ ಮನೆಗಳಿಗೂ ಬಂದಿದೆ. ನಾವು ಕೀಲಿಮಣೆಯಲ್ಲಿ ಒತ್ತಿದ ಆಜ್ಞೆಯನ್ನು ಓದಿ ನಡೆಸಿಕೊಡುವುದೇ ಶೆಲ್ಲಿನ ಕೆಲಸ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬ್ಯಾಷ್. ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ ಬರೆದ ಇದು 1989ರಲ್ಲಿ ಹೊರಬಂತು.

ಮೊದಲು ನಾನು ತಿಂದ ಒಂದು ಪೆಟ್ಟಿನ ಕತೆ ಹೇಳುತ್ತೇನೆ. ಒಂದು ವಾಚನಾಲಯದ ಪುಸ್ತಕಗಳ ಪಟ್ಟಿಯನ್ನು ನಾನು ನೋಡಿಕೊಳ್ಳುತ್ತಿದ್ದೆ. ಪಟ್ಟಿಯನ್ನು ಸಂಜೆ ಇನ್ನೊಂದು ಡಿಸ್ಕಿಗೆ ಇಳಿಸಲು ‘ನಕಲು’ ಎಂಬ ಫಂಕ್ಷನ್ ಬರೆದಿದ್ದೆ. ಫಂಕ್ಷನ್ ಎಂದರೆ ಹಲವು ಆಜ್ಞೆಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿಟ್ಟ ಗಂಟು. ಅದನ್ನು ‘ಬ್ಯಾಷ್‌ಆರ್‌ಸಿ’ ಎಂಬ ಫೈಲಿನಲ್ಲಿ ಇಟ್ಟಿದ್ದೆ. ಕೈಯಿಂದ ಒತ್ತಿದಾಗಲೆಲ್ಲ ಸರಿಯಾಗಿ ನಡೆಯುತ್ತಿತ್ತು. ಆಮೇಲೆ, ರಾತ್ರಿ ತಾನಾಗಿಯೇ ಆಗಲಿ ಎಂದು ಆ ಹೆಸರನ್ನು ಒಂದು ಸ್ಕ್ರಿಪ್ಟಿನಲ್ಲಿ ಬರೆದು, ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್‌ಗೆ ಒಪ್ಪಿಸಿದೆ. ಎರಡು ತಿಂಗಳ ಮೇಲೆ ಮೂಲ ಡಿಸ್ಕ್ ಕೆಟ್ಟಿತು. ಹುಡುಕಿದರೆ, ಆ ಎರಡು ತಿಂಗಳಲ್ಲಿ ಒಂದು ನಕಲೂ ಇಳಿದಿರಲಿಲ್ಲ! ‘ಅಂಥ ಆಜ್ಞೆ ಸಿಗಲಿಲ್ಲ’ ಎಂದು ಯಂತ್ರ ದಿನವೂ ಹೇಳುತ್ತಲೇ ಇತ್ತು. ಆ ಹೊತ್ತಿನಲ್ಲಿ ಓದುವವರು ಯಾರಿದ್ದರು?

ಹೀಗೇಕಾಯಿತು? ಸ್ಕ್ರಿಪ್ಟ್ ಶುರುವಾದಾಗ ಹೊಸದೊಂದು ಶೆಲ್ ಹುಟ್ಟುತ್ತದೆ. ನಾವು ಎದುರು ಕುಳಿತು ಮಾತಾಡುವ ಶೆಲ್ ಮಾತ್ರ ಬ್ಯಾಷ್‌ಆರ್‌ಸಿಯನ್ನು ಓದುತ್ತದೆ. ಲಾಗಿನ್ ಆಗುವಾಗಿನ ಶೆಲ್ ಪ್ರೊಫೈಲ್ ಫೈಲನ್ನು ಓದುತ್ತದೆ. ಸ್ಕ್ರಿಪ್ಟ್ ನಡೆಸುವ ಶೆಲ್ ಸಾಮಾನ್ಯವಾಗಿ ಎರಡನ್ನೂ ಓದುವುದಿಲ್ಲ. ನಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿದ ಚೀಟಿ, ಊರಾಚೆಯ ಚಪ್ಪರದಲ್ಲಿ ಅಡುಗೆ ಮಾಡುವ ಭಟ್ಟರಿಗೆ ಕಾಣುತ್ತದೆಯೇ? ಹಾಗೆಯೇ ಇದು.

ಹಾಗಾದರೆ ಸ್ಕ್ರಿಪ್ಟಿನೊಳಗೆ ಬ್ಯಾಷ್‌ಆರ್‌ಸಿಯನ್ನೇ ಓದಿಸಿದರೆ ಸಾಲದೇ? ಸಾಲದು. ಉಬುಂಟು, ಡೆಬಿಯನ್‌ಗಳಲ್ಲಿ ಆ ಫೈಲಿನ ಮೇಲ್ಭಾಗದಲ್ಲೇ ಒಂದು ಕಾವಲು ಇದೆ: ‘ಎದುರು ಮನುಷ್ಯನಿಲ್ಲದಿದ್ದರೆ ಇಲ್ಲಿಂದಲೇ ಹಿಂತಿರುಗು’ ಎಂದು. ಅದರ ಕೆಳಗೆ ಬರೆದ ಫಂಕ್ಷನ್ ಸ್ಕ್ರಿಪ್ಟಿಗೆ ಸಿಗುವುದೇ ಇಲ್ಲ.

ಸರಿಯಾದ ದಾರಿ ಸರಳವಾಗಿದೆ. ಫಂಕ್ಷನ್‌ಗಳನ್ನೆಲ್ಲ ಬೇರೆಯೇ ಒಂದು ಫೈಲಿಗೆ ಹಾಕಿ. ಬ್ಯಾಷ್‌ಆರ್‌ಸಿಯಲ್ಲಿ ಒಂದು ಸಾಲು, ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿ: ಮೊದಲು ಒಂದು ಚುಕ್ಕಿ, ಬಳಿಕ ತೆರಪು, ಬಳಿಕ ಆ ಫೈಲಿನ ಪೂರ್ಣ ದಾರಿ. ಚುಕ್ಕಿಯ ಬದಲು ‘ಸೋರ್ಸ್’ ಎಂದೂ ಬರೆಯಬಹುದು. ಆದರೆ ಉಬುಂಟುವಿನ ಸಾದಾ ‘ಎಸ್‌ಎಚ್’ ಶೆಲ್ಲಿಗೆ ಆ ಪದ ಗೊತ್ತಿಲ್ಲ, ಚುಕ್ಕಿ ಗೊತ್ತು. ಚುಕ್ಕಿ ಹೊಸ ಶೆಲ್ಲನ್ನು ಹುಟ್ಟಿಸದೆ, ಇದ್ದ ಶೆಲ್ಲಿನೊಳಗೇ ಫೈಲನ್ನು ಓದಿಸುತ್ತದೆ. ಗುಟ್ಟು ಅಷ್ಟೇ.

ಎರಡು ಎಚ್ಚರಿಕೆಗಳು. ಫೈಲು ಸಿಗದಿದ್ದರೂ ಬ್ಯಾಷ್ ಗೊಣಗಿ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಸಿಗದಿದ್ದರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುವಂತೆ ಬರೆಯಿರಿ. ಫಂಕ್ಷನ್‌ನ ಒಳಗೆ ಮಾತ್ರ ‘ಎಕ್ಸಿಟ್’ ಬೇಡ, ‘ರಿಟರ್ನ್’ ಇರಲಿ. ಇಲ್ಲವಾದರೆ ಕೈಯಿಂದ ಕರೆದಾಗ ನಿಮ್ಮ ಟರ್ಮಿನಲ್ಲೇ ಮುಚ್ಚಿಹೋದೀತು.

‘ಎಕ್ಸ್‌ಪೋರ್ಟ್’ ಆಜ್ಞೆಗೆ ಎಫ್ ಗುರುತು ಸೇರಿಸಿ ಫಂಕ್ಷನ್ನನ್ನು ಮರಿ ಶೆಲ್ಲಿಗೆ ದಾಟಿಸಲೂ ಬರುತ್ತದೆ. ಆದರೆ ಅದು ಬ್ಯಾಷ್‌ನಿಂದ ಬ್ಯಾಷ್‌ಗೆ ಮಾತ್ರ. ಕ್ರಾನ್ ನಿಮ್ಮ ಶೆಲ್ಲಿನ ಮರಿಯಲ್ಲವಾದ್ದರಿಂದ ಅಲ್ಲಿಗೆ ತಲುಪದು. ಫಂಕ್ಷನ್ ದಾಟಿಸುವ ಈ ಏರ್ಪಾಡಿನಲ್ಲೇ ಅಡಗಿದ್ದ ‘ಶೆಲ್‌ಶಾಕ್’ ದೋಷ 2014ರ ಸೆಪ್ಟೆಂಬರಿನಲ್ಲಿ ಬಯಲಾಗಿ, ಲೋಕದ ಎಷ್ಟೋ ಸರ್ವರ್‌ಗಳನ್ನು ಅವಸರದಲ್ಲಿ ದುರಸ್ತಿ ಮಾಡಬೇಕಾಯಿತು.

ಕೊನೆಯದಾಗಿ, ಕ್ರಾನ್‌ಗೆ ಒಪ್ಪಿಸಿದ ಮರುದಿನ ಬೆಳಗ್ಗೆ ಎದ್ದು ನಕಲು ಬಂದಿದೆಯೇ ಎಂದು ಕಣ್ಣಾರೆ ನೋಡಿ. ತೆರೆದು ಓದಿಯೂ ನೋಡಿ. ನಾನು ಅಷ್ಟು ಮಾಡಿದ್ದರೆ, ಆ ಎರಡು ತಿಂಗಳ ಪುಸ್ತಕಗಳನ್ನು ಕಪಾಟಿನಿಂದ ಒಂದೊಂದಾಗಿ ಇಳಿಸಿ ಮತ್ತೆ ಬರೆಯುವ ಕೆಲಸ ತಪ್ಪುತ್ತಿತ್ತು.